ಎರಡು ಕಾಲಿನ ಮೇಜು

“ಕಿತ್ತಾಕ್ರೋ ಅದನ್ನ. ಮೈ ಸೆಟ್ಕಂಡ್ರೆ ಆಮೇಲೆ ಕೂರ್ಸಕ್ಕಾಗಲ್ಲ. ಒಂದು ಮೇಜಿಗೋಸ್ಕರ ಬೀಗ್ರನ್ನ ಮಲಗಿಸ್ಕಂಡೇ ಮಣ್ಣು ಮಾಡ್ತೀರಾ?”

ರೇವಣಸಿದ್ದಪ್ಪನ ಗಂಟಲು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಕೂಗಿ ಪಳಗಿದ್ದು. ಸಾವಿನ ಮನೆಯಲ್ಲೂ ಅದು ಇಳಿಯಲಿಲ್ಲ.

“ಯಾರೂ ಮುಟ್ಬೇಡಿ,” ಅಂದಳು ಅರುಣಾ. ಅವಳು ಅವನ ಸೊಸೆ. ಸತ್ತ ಬಡಗಿ ಷಡಕ್ಷರಪ್ಪನಿಗೆ ಒಬ್ಬಳೇ ಮಗಳು. “ಎಳೆದ್ರೆ ಸೀಳುತ್ತೆ.”

“ಸೀಳ್ಲಿ ಬಿಡಮ್ಮ. ಅರ್ಧ ಮೇಜು ತಾನೆ.”

“ನಿಮಗೆ ಅರ್ಧ.”

ಮಾವನಿಗೆ ಅವಳು ಎದುರುತ್ತರ ಕೊಟ್ಟದ್ದನ್ನು ಏಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವಳ ಗಂಡ ಉದಯಕುಮಾರ್ ಬಾಗಿಲಲ್ಲೇ ನಿಂತು ನೆಲ ನೋಡಿದ.

ಹಳೇಬೀಡಿನ ಆ ಸಣ್ಣ ಮನೆಯ ನಡುಮನೆಯಲ್ಲಿ ಮೂರು ಗೋಡೆಗೂ ಬಾಗಿಲುಗಳಿದ್ದವು. ಪೂರ್ತಿ ಗೋಡೆ ಅಂತ ಇದ್ದದ್ದು ಒಂದೇ. ಶವವನ್ನು ಅಲ್ಲೇ ಒರಗಿಸಿ ಕೂರಿಸಬೇಕು, ಬೇರೆ ಕಡೆ ಆಗುವುದಿಲ್ಲ ಎಂದು ಅಯ್ಯನೋರು ಹೇಳಿ ವಿಭೂತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಆ ಗೋಡೆಗೇ ಮೇಜು ಅಂಟಿಕೊಂಡಿತ್ತು. ಅರ್ಧಚಂದ್ರದ ಹಲಗೆ, ಮುಂದೆ ಎರಡೇ ಕಾಲು, ಹಿಂಭಾಗ ಸ್ಕ್ರೂ ಹಾಕಿ ಗೋಡೆಗೆ ಕೂಡಿಸಿದ್ದು.

ಕೊನೆಗೆ ಅದನ್ನು ಬಿಚ್ಚಿದವನು ಭೀಮರಾಜ್. ಹಿಂದೆ ಷಡಕ್ಷರಪ್ಪನ ಲೇತ್ ತಿರುಗಿಸುತ್ತಿದ್ದವನು. ಈಗ ಸರ್ಕಾರಿ ತರಬೇತಿ ಶಾಲೆಯಲ್ಲಿ ಮರಗೆಲಸ ಕಲಿಸುತ್ತಾನೆ. ಸುದ್ದಿ ಕೇಳಿ ಬೇಲೂರಿನಿಂದ ಮೊದಲನೇ ಬಸ್ಸಿಗೆ ಬಂದಿದ್ದ. ಯಾರ ಜೊತೆಗೂ ಮಾತಾಡದೆ ಅಟ್ಟದಿಂದ ಯಜಮಾನನ ಹತಾರದ ಪೆಟ್ಟಿಗೆ ಇಳಿಸಿ, ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದ.

“ಹಿಡ್ಕಳಮ್ಮ. ಬಿಟ್ರೆ ಬೀಳ್ತದೆ.”

ಅರುಣಾ ಹಿಡಿದುಕೊಂಡಳು. ಹಿತ್ತಲಿನಲ್ಲಿ ಕವುಚಿ ಹಾಕೋಣ ಎಂದು ಭೀಮರಾಜನೇ ಹೇಳಿದ. ಹಾಗೆ ಹಾಕಬಹುದಿತ್ತು ಕೂಡ. ಅವಳು ಬೇಡ ಅಂದಳು. ಒಮ್ಮೆ ಕವುಚಿ ಹಾಕಿದ್ದು ಸಾಕು ಅಂದಳು.

*

ಅವಳ ಮದುವೆ ಆದದ್ದು ತೊಂಬತ್ತಾರರಲ್ಲಿ. ಅದಕ್ಕೆ ಮುಂಚೆ ಮೂರು ತಿಂಗಳು ಷಡಕ್ಷರಪ್ಪ ಬೇರೆ ಕೆಲಸ ಮುಟ್ಟಲಿಲ್ಲ. ಗೋಡೆ ಮೇಜು ಎಷ್ಟೋ ಮಾಡಿದ್ದ. ಅರೇಹಳ್ಳಿ ಕಡೆಯ ಕಾಫಿ ತೋಟದ ಬಂಗಲೆಗಳಿಗೆ ಸಿಂಹದ ಪಂಜದ ಕಾಲಿನವು, ಬೇಲೂರಿನ ವಕೀಲರಿಗೆ ಚೌಕದ ಕಾಲಿನವು. ಮಗಳದ್ದಕ್ಕೆ ಅವು ಯಾವುವೂ ಹಿಡಿಸಲಿಲ್ಲ. ದೇವಸ್ಥಾನಕ್ಕೆ ಹೋಗಿ, ಕಡೆದ ಕಂಬಗಳ ಸುತ್ತಳತೆಯನ್ನು ದಾರದಲ್ಲಿ ತೆಗೆದುಕೊಂಡು, ಗಂಟು ಹಾಕಿ ತಂದ. ಆ ಗಂಟಿನ ಲೆಕ್ಕದಲ್ಲೇ ಬೀಟೆ ಮರದ ಎರಡು ಕಾಲುಗಳು ಭೀಮರಾಜನ ಲೇತಿನಲ್ಲಿ ಇಳಿದವು. ಅರುಣಾ ಉಪ್ಪುಕಾಗದದಲ್ಲಿ ಉಜ್ಜಿದಳು. ಬೆರಳ ತುದಿ ಕೆಂಪಾಗುವ ತನಕ ಉಜ್ಜಿದಳು.

“ಹಿಂದಕ್ಕೆ ಕಾಲು ಬೇಡ್ವಾ ಅಪ್ಪಾಜಿ?” ಎಂದು ಕೇಳಿದ್ದಳು.

“ಗೋಡೆ ಐತಲ್ಲ,” ಅಂದಿದ್ದ.

ಮದುವೆಯ ಮಾರನೇ ದಿನ ಸಾಮಾನಿನ ಲಾರಿ ಅರಸೀಕೆರೆಗೆ ಬಂತು. ಷಡಕ್ಷರಪ್ಪ ಸ್ಕ್ರೂ ತರಲು ಅಂಗಡಿಗೆ ಹೋಗಿದ್ದ. ಅಷ್ಟರಲ್ಲಿ ರೇವಣಸಿದ್ದಪ್ಪನ ಆಳುಗಳು ಮೇಜನ್ನು ಅಂಗಳದ ನಡುವೆ ಇಟ್ಟು ಕೈ ಬಿಟ್ಟರು. ಅದು ಹಿಂದಕ್ಕೆ ಮಗುಚಿ ಬಿತ್ತು. ನೆಂಟರು ನಕ್ಕರು. ಎರಡು ಕಾಲು ಉಳಿಸಿಕೊಂಡು ಕಳಿಸಿದ್ದಾನೆ ಬಡಗಿ ಎಂದು ಒಬ್ಬ ಅಂದ. ಮಗಳಿಗೂ ಹಿಂಗೇ ಏನಾದ್ರೂ ಕಮ್ಮಿ ಇದ್ದೀತು ನೋಡ್ಕಳಿ ಎಂದು ಇನ್ನೊಬ್ಬ. ರೇವಣಸಿದ್ದಪ್ಪನ ಮುಖ ಕಪ್ಪಿಟ್ಟಿತು. ಸ್ಕ್ರೂ ಪೊಟ್ಟಣ ಹಿಡಿದು ಬಂದ ಬೀಗನಿಗೆ ಬಾಯಿ ತೆರೆಯಲು ಬಿಡಲಿಲ್ಲ.

“ನನ್ನ ಮನೆ ಗೋಡೆಗೆ ಆತುಕೊಂಡು ನಿಲ್ಲೋ ಸಾಮಾನು ನಂಗೆ ಬೇಡ ಕಣ್ರೀ. ತಗಂಡೋಗಿ.”

ಅರುಣಾ ಬಾಗಿಲಲ್ಲಿ ಅರಿಶಿನದ ಸೀರೆಯಲ್ಲಿ ನಿಂತಿದ್ದಳು. ಇದು ಗೋಡೆಗೆ ಹಾಕುವ ಮೇಜು ಎಂಬ ಒಂದು ಮಾತು ಅವಳ ಬಾಯಲ್ಲೇ ಇತ್ತು. ಅಪ್ಪ ಅವಳ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು. ಮೇಜು ಅದೇ ಲಾರಿಯಲ್ಲಿ, ಕಾಲು ಮೇಲೆ ಮಾಡಿಕೊಂಡು ಹಳೇಬೀಡಿಗೆ ಹೋಯಿತು.

ವಾರದ ಮೇಲೆ ಉದಯಕುಮಾರ್ ಬಂದು, ಇನ್ನೆರಡು ಕಾಲು ಹಾಕಿಕೊಟ್ಟರೆ ಅಪ್ಪ ಒಪ್ಪುತ್ತಾರೆ ಎಂದ. ಷಡಕ್ಷರಪ್ಪ ಅವನಿಗೆ ಊಟ ಹಾಕಿಸಿದ.

“ಗೋಡೆ ಇರೋ ಮನೆಗೆ ಎರಡು ಕಾಲು ಸಾಕು ಅಳಿಯಂದ್ರೆ,” ಅಂದ.

ಮೇಜನ್ನು ತನ್ನ ನಡುಮನೆಯ ಗೋಡೆಗೇ ಕೂಡಿಸಿದ. ಆಮೇಲೆ ಅವನು ಗೋಡೆ ಮೇಜು ಮಾಡಲೇ ಇಲ್ಲ. ಶಾಲೆಗಳಿಗೆ ಬೆಂಚು ಮಾಡಿದ. ಮಗಳ ಮನೆಯ ಹೊಸಿಲನ್ನೂ ತುಳಿಯಲಿಲ್ಲ. ಪ್ರತಿ ಯುಗಾದಿಗೆ ಮುಂಚೆ ಒಂದು ಬಟ್ಟೆಗಂಟು ಹಿಡಿದು ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಿದ್ದ. ಅವಳು ಅಲ್ಲಿಗೇ ಹೋಗುತ್ತಿದ್ದಳು. ಇಬ್ಬರೂ ಟೀ ಕುಡಿಯುತ್ತಿದ್ದರು. ಈ ಸಲ ಹುಲಿಕೆರೆ ಶಾಲೆಗೆ ಇಪ್ಪತ್ತು ಬೆಂಚು, ಎನ್ನುತ್ತಿದ್ದ. ಮುಂದಿನ ಬಸ್ಸಿಗೆ ಹತ್ತುತ್ತಿದ್ದ. ಮೇಜಿನ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

*

ಶವಕ್ಕೆ ಸ್ನಾನವಾಯಿತು. ಮಣೆಯ ಮೇಲೆ ಕಾಲು ಮಡಿಸಿ ಕೂರಿಸಿದರು. ತಲೆ ಮುಂದಕ್ಕೆ ವಾಲುತ್ತಿತ್ತು. ಮೇಜಿನ ಸ್ಕ್ರೂ ಕಿತ್ತಿದ್ದ ತೂತುಗಳಿಗೇ ಎರಡು ದಪ್ಪ ಮೊಳೆ ಬಡಿದು, ಎದೆಗೆ ಬಿಳಿ ಪಂಚೆ ಸುತ್ತಿ ಅದಕ್ಕೆ ಕಟ್ಟಿದರು. ಹಣೆಗೆ, ತೋಳಿಗೆ ವಿಭೂತಿ ಬಳಿದರು. ಷಡಕ್ಷರಪ್ಪ ಗೋಡೆಗೆ ಒರಗಿ ನೆಟ್ಟಗೆ ಕೂತ.

ಎರಡು ಮಾರು ದೂರದಲ್ಲಿ ಮಗಳು ಮೇಜು ಹಿಡಿದು ನಿಂತಿದ್ದಳು.

ಜನ ಬಂದರು, ಕಾಲು ಮುಟ್ಟಿದರು, ಹೋದರು. ಹಿರಿಯ ಮೇಷ್ಟ್ರೊಬ್ಬರು ಬೆಂಚಿನ ಮಾತಾಡಿದರು. ಏಳು ವರ್ಷದಲ್ಲಿ ಒಂದೂ ಅಲುಗಾಡಿಲ್ಲವಂತೆ. ಅರಸೀಕೆರೆಯಿಂದ ಬಂದಿದ್ದ ಹೆಂಗಸೊಬ್ಬಳು, ಮಕ್ಕಳಿಲ್ಲ ಮರಿಯಿಲ್ಲ, ಮರ ತಬ್ಕಂಡು ನಿಂತವಳೆ ಎಂದು ಪಕ್ಕದವಳ ಕಿವಿಗೆ ಹೇಳಿದ್ದು ನಡುಮನೆಗೆಲ್ಲ ಕೇಳಿಸಿತು. ಅರುಣಾಳ ತಾಯಿ ಕಾಂತಮ್ಮ ಗಂಡನ ಪಕ್ಕ ಕೂತವಳು ಏಳಲಿಲ್ಲ, ಅಳಲೂ ಇಲ್ಲ. ಅವಳಿಗೆ ದಣಿವಾಗಿತ್ತು. ಮೂರು ತಿಂಗಳಿಂದ ಹಾಸಿಗೆ ಹಿಡಿದವನನ್ನು ಎತ್ತಿ ಇಳಿಸಿದವಳು ಅವಳೇ.

ಮಧ್ಯಾಹ್ನ ಶವ ಕೂರಿಸಿದ ಹೂವಿನ ವಿಮಾನ ಹೊರಡುವಾಗ ಅರುಣಾ ಸುತ್ತ ನೋಡಿದಳು. ಎದುರು ಮನೆಯ ಮಾರಮ್ಮ ಎದ್ದು ಬಂದಳು.

“ನೀ ಹೋಗವ್ವ. ಅಪ್ಪಂಗೆ ಮಣ್ಣು ಹಾಕು. ನಾ ಹಿಡ್ಕಂಡಿರ್ತೀನಿ.”

“ಭಾರ ಅಜ್ಜಿ.”

“ನೀರಿನ ಕೊಡಕ್ಕಿಂತಲಾ? ಹೋಗು.”

ಗುಂಡಿಗೆ ಮಣ್ಣು ಹಾಕಿದ ಮೇಲೂ ರೇವಣಸಿದ್ದಪ್ಪ ಅಂಚಿನಿಂದ ಸರಿಯಲಿಲ್ಲ. ಅದನ್ನು ಅರುಣಾ ನೋಡಿದಳು. ವಾಪಸು ಬಂದಾಗ ಮಾರಮ್ಮ ಮೇಜಿನ ಮೇಲೆ ಗಲ್ಲ ಊರಿ ತೂಕಡಿಸುತ್ತಿದ್ದಳು. ಕೈ ಮಾತ್ರ ಬಿಟ್ಟಿರಲಿಲ್ಲ.

*

ಸ್ನಾನ ಮುಗಿಸಿ ಎಲ್ಲರೂ ಒಂದೊಂದು ಲೋಟ ಕಾಫಿ ಕುಡಿದರು. ರೇವಣಸಿದ್ದಪ್ಪ ಶಲ್ಯ ಹೆಗಲಿಗೆ ಹಾಕಿಕೊಂಡ. ಅವನ ಗಂಟಲೂ ಇಳಿದಿತ್ತು.

“ಕತ್ತಲಾಗೋದ್ರೊಳಗೆ ಊರು ಸೇರ್ಕಬೇಕು. ನೋಡು ಅರುಣಾ, ಸತ್ತೋರ ಮೇಲೆ ನಂಗೇನೂ ಇಲ್ಲ. ನಿಂಗೆ ಅಷ್ಟು ಆಸೆ ಇದ್ರೆ ಜೀಪಿಗೆ ಹಾಕ್ಸು. ಭೀಮರಾಜನ ಕೈಲಿ ಇನ್ನೆರಡು ಕಾಲು ಮಾಡ್ಸಣ. ಮರ ನಾನೇ ಕೊಡ್ತೀನಿ.”

ಅದು ದೊಡ್ಡ ಮಾತೇ. ಅವನ ಮಟ್ಟಿಗೆ ಅಷ್ಟು ಬಗ್ಗಿದ್ದು ಹೆಚ್ಚು. ಕಾಂತಮ್ಮ ಮಗಳ ಕಡೆ ನೋಡಿ, ಒಪ್ಪಿಕೊಳ್ಳೇ ಎನ್ನುವಂತೆ ತಲೆ ಆಡಿಸಿದಳು.

“ಬೇಡ ಮಾವ,” ಅಂದಳು ಅರುಣಾ. “ಎರಡೇ ಕಾಲಲ್ಲಿ, ನಿಮ್ಮ ನಡುಮನೆ ಗೋಡೆಗೆ ಹಾಕೋದಾದ್ರೆ ತರ್ತೀನಿ.”

“ಮತ್ತೆ ಅದೇ ಎತ್ತಬೇಡ.”

“ಆವತ್ತು ಎತ್ತಬೇಕಿತ್ತು. ಅದು ಗೋಡೆಗೆ ಹಾಕೋ ಮೇಜು ಅಂತ ನಂಗೆ ಗೊತ್ತಿತ್ತು. ಉಜ್ಜಿದವಳು ನಾನು. ಅಪ್ಪಾಜಿ ನನ್ನ ಮುಖ ನೋಡಿದ್ರು. ನಾನು ಬಾಯಿ ಬಿಡ್ಲಿಲ್ಲ. ಅವರೇನೂ ಮೋಸ ಮಾಡಿರ್ಲಿಲ್ಲ ಮಾವ.”

ರೇವಣಸಿದ್ದಪ್ಪ ಅವಳನ್ನು ನೋಡಿದ, ಮೇಜನ್ನು ನೋಡಿದ. ಊರವರ ಎದುರು, ತನ್ನ ಸೊಸೆಯ ಬಾಯಲ್ಲಿ ಈ ಮಾತು. ಅಷ್ಟು ಸಾಕಾಯಿತು ಅವನಿಗೆ.

“ಹಂಗಾದ್ರೆ ಅದನ್ನೇ ಕಾಯ್ಕಂಡು ಇಲ್ಲೇ ಇರು,” ಅಂದು ಹೊಸಿಲು ದಾಟಿದ.

ಉದಯಕುಮಾರ್ ಎರಡು ಹೆಜ್ಜೆ ಒಳಗೆ ಬಂದ, ನಿಂತ.

“ಏನೇ ಇದು. ಇವತ್ತೇ ಬೇಕಿತ್ತಾ?” ಅಂದ. “ಅಪ್ಪನ್ನ ಸಮಾಧಾನ ಮಾಡಿ ಬತ್ತೀನಿ. ಇರು.”

ಚಪ್ಪಲಿ ಮೆಟ್ಟಿಕೊಂಡು ಹೋದ. ಹೊರಗೆ ಏನೋ ಗದರಿದ ಸದ್ದು. ಜೀಪಿನ ಬಾಗಿಲು ಒಂದು ಸಲ ಬಡಿಯಿತು, ಇನ್ನೊಂದು ಸಲ ಬಡಿಯಿತು. ಇಂಜಿನ್ ಶುರುವಾಗಿ, ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಗೇರು ಬದಲಾಗಿ, ಕೆರೆ ಏರಿಯ ಕಡೆ ಕ್ಷೀಣವಾಯಿತು.

ಭೀಮರಾಜ್ ಸ್ವಲ್ಪ ಹೊತ್ತು ಕಾದ. ಆಮೇಲೆ ಪೆಟ್ಟಿಗೆ ಎಳೆದುಕೊಂಡ.

ಮೊಳೆ ಬಡಿದಿದ್ದ ಎರಡು ತೂತುಗಳು ಹಿಗ್ಗಿದ್ದವು, ಸ್ಕ್ರೂ ಕಚ್ಚುತ್ತಿರಲಿಲ್ಲ. ಅವನು ಹಲಸಿನ ಮರದ ಚೂರು ಕೆತ್ತಿ ಬಿರಡೆ ಮಾಡಿ, ಒಂದೊಂದಕ್ಕೂ ಬಡಿದು ತುಂಬಿದ. ಅರುಣಾ ಮೇಜನ್ನು ತಂದು ಗೋಡೆಗೆ ಒತ್ತಿ ಹಿಡಿದಳು. ನಾಲ್ಕೂ ಸ್ಕ್ರೂ ತಿರುಗಿಸಿ, ಹಲಗೆಯನ್ನು ಅಂಗೈಯಲ್ಲಿ ಅದುಮಿ ನೋಡಿದ. ಅಲ್ಲಾಡಲಿಲ್ಲ.

“ಬಿಡಮ್ಮ,” ಅಂದ. “ನಿಂತೈತೆ.”

ಹಲಗೆಗಿಂತ ಒಂದು ಗೇಣು ಮೇಲೆ, ಷಡಕ್ಷರಪ್ಪನ ತಲೆ ಒರಗಿದ್ದ ಕಡೆ, ಸುಣ್ಣದ ಗೋಡೆಯಲ್ಲಿ ಒದ್ದೆ ಕೂದಲಿನ ಗುರುತು ಇನ್ನೂ ಆರಿರಲಿಲ್ಲ. ಭೀಮರಾಜ್ ಪೆಟ್ಟಿಗೆ ಮುಚ್ಚಿದ, ನೆಲದ ಮೇಲಿನ ಹಲಸಿನ ಚಕ್ಕೆ ಗುಡಿಸಿದ, ಕಾಂತಮ್ಮನಿಗೆ ಹೇಳಿ ಬಸ್ಸಿಗೆ ಹೊರಟ. ಬಾಗಿಲಲ್ಲಿ ತಿರುಗಿ ನೋಡಿದಾಗ ಅರುಣಾ ಎರಡು ಕೈಯಲ್ಲೂ ಮೇಜನ್ನು ಹಿಡಿದುಕೊಂಡೇ ನಿಂತಿದ್ದಳು.