ಮೊಹಿದ್ದೀನ್ ಮಾಮನ ಎರಡು ಬೆರಳು

ಶರಫಿಯಾದ ದರ್ಜಿಗಳ ನಡುವೆ ಈ ಪ್ರಸಂಗ ಎರಡು ಬಗೆಯಲ್ಲಿ ಓಡಾಡುತ್ತದೆ. ಮಕ್ಕಳು ಆರು ಮಂದಿ ಎನ್ನುವವರಿದ್ದಾರೆ, ಒಂಬತ್ತು ಎನ್ನುವವರೂ ಇದ್ದಾರೆ; ಅಂಗಿಯ ಬಣ್ಣ ನೀಲಿ ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ.

ಸೌದಿಯ ಜಿದ್ದಾ ನಗರದ ಆ ಬಡಾವಣೆಯಲ್ಲಿ ಉಪ್ಪಿನಂಗಡಿಯ ಮೊಹಿದ್ದೀನರದು ಒಂದು ಹೊಲಿಗೆ ಅಂಗಡಿ. ಶುಕ್ರವಾರ ಜುಮಾ ನಮಾಜು ಮುಗಿದಾಗಿನಿಂದ ಇಳಿಹೊತ್ತಿನ ಅಸರ್ ಬಾಂಗಿನ ತನಕ ಅದರ ಶಟರು ಅರ್ಧಕ್ಕೆ ಇಳಿದಿರುತ್ತಿತ್ತು. ಅವರ ತಂಗಿಯ ಮಗಳು ಶಮೀರಾ ಹನ್ನೆರಡನೆಯ ತರಗತಿಯ ಹುಡುಗಿ. ಆ ಹೊತ್ತಿನಲ್ಲಿ ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡು ಹಳೆಯ ಲ್ಯಾಪ್‌ಟಾಪ್ ಇರಿಸಿ, ಶಾಲೆ ತಪ್ಪಿದ ಮಕ್ಕಳಿಗೆ ಕೋಡಿಂಗ್ ಕಲಿಸುತ್ತಿದ್ದಳು. ಅಪ್ಪನ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಣವಾಗದೆ ಎರಡು ವರ್ಷದಿಂದ ಮನೆಯಲ್ಲೇ ಉಳಿದ ಹದಿಮೂರರ ಫರಾ ಅವರಲ್ಲೆಲ್ಲ ಚುರುಕು. ಕಲಿಯಲು ಆ ಮಕ್ಕಳಿಗೆ ಬೇರೆಲ್ಲಿಯೂ ಜಾಗವಿರಲಿಲ್ಲ.

ಜಾಗದ ಜೊತೆಗೆ ಮೊಹಿದ್ದೀನರು ತಮ್ಮ ಮಧ್ಯಾಹ್ನದ ನಿದ್ದೆಯನ್ನೂ ಕೊಟ್ಟಂತಾಗಿತ್ತು. ಬಟ್ಟೆಯ ಥಾನಿಗೆ ತಲೆಯಾನಿಸಿದರೆ ಸಾಕು, ಕೀಲಿಗಳ ಟಕಟಕ. ಒಂದು ಶುಕ್ರವಾರ ಎದ್ದು ಕೂತು ಶಮೀರಾಳನ್ನು ಕೇಳಿಯೇಬಿಟ್ಟರು.

“ಎಂತ ಮೋಳೆ, ಇವರು ಇಷ್ಟು ಕುಟ್ಟಿ ಎಂತಾದರೂ ಆಗುವುದುಂಟಾ?”

“ಉಂಟು ಮಾಮ. ಫರಾ ನಿಮ್ಮ ಅಂಗಡಿಗೇ ಒಂದು ಪ್ರೋಗ್ರಾಮ್ ಮಾಡಿದ್ದಾಳೆ. ಅಳತೆ ಕೊಟ್ಟರೆ ಬಟ್ಟೆ ಎಷ್ಟಕ್ಕೆ ಕತ್ತರಿಸಬೇಕು ಅಂತ ಅದೇ ಹೇಳ್ತದೆ,” ಎಂದಳು ಶಮೀರಾ.

“ನನ್ನ ಕತ್ತರಿಗೆ ಅದು ಬುದ್ಧಿ ಹೇಳುವುದಾ? ಸರಿ. ಎದುರು ಹೋಟೆಲಿನ ಝಿಯಾದನ ಅಂಗಿ ಅದು ಹೇಳಿದ ಹಾಗೇ ಹೊಲಿತೇನೆ. ಅವನಿಗೆ ಸರಿಯಾದರೆ ನೀವು ಇಲ್ಲೇ ಇರಿ. ಇಲ್ಲವಾ, ಗಂಟುಮೂಟೆ ಕಟ್ಟಿ. ನನಗೆ ಮಲಗ್ಲಿಕ್ಕುಂಟು.”

ಶಮೀರಾ ಫರಾಳ ಲೆಕ್ಕವನ್ನು ಮೂರು ಸಲ ನೋಡಿದಳು. ಎದೆ ನಲವತ್ತು ಇಂಚು. ಮುಂದೆ ಇಪ್ಪತ್ತು, ಹಿಂದೆ ಇಪ್ಪತ್ತು. ತಪ್ಪು ಸಿಗಲಿಲ್ಲ. ಮೊಹಿದ್ದೀನರು ಮಾತಿಗೆ ತಪ್ಪದೆ, ಕೂದಲೆಳೆಯೂ ಹೆಚ್ಚಾಗದಂತೆ ನೀಲಿ ಬಟ್ಟೆ ಕತ್ತರಿಸಿದರು. ಅವರು ಗಡ್ಡದೊಳಗೇ ನಕ್ಕದ್ದನ್ನು ಯಾರೂ ಗಮನಿಸಲಿಲ್ಲ.

ಮುಂದಿನ ಶುಕ್ರವಾರ ಝಿಯಾದ್ ಅಂಗಿಗೆ ತೋಳು ತೂರಿಸಿದ. ಬೆನ್ನು ಬಿಗಿಯಿತು; ಗುಂಡಿಗೂ ಕಾಜಕ್ಕೂ ಭೇಟಿಯೇ ಆಗಲಿಲ್ಲ.

“ಎಂತ ಮಾರಾಯ್ರೆ, ಇದು ಅಂಗಿಯಾ, ತಲೆದಿಂಬಿನ ಗವಸಾ?”

ಮಕ್ಕಳು ನಕ್ಕರು. ಪಂದ್ಯ ನೆನಪಾಗಿ ನಗು ನಿಂತಿತು. ಅವರಲ್ಲಿ ಚಿಕ್ಕವನಾದ ಅರ್ಕಮ್ ಮೆಲ್ಲನೆ ಚಾರ್ಜರಿನ ವಯರು ಸುತ್ತತೊಡಗಿದ.

ಒಂದು ದಿನ ಕೊಡಿ ಮಾಮ, ನಾನೇ ಸರಿಮಾಡುತ್ತೇನೆ ಎಂಬ ಮಾತು ಶಮೀರಾಳ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಫರಾ, ಗೋಡೆಯಲ್ಲಿ ತೂಗುತ್ತಿದ್ದ ಇನ್ನೊಬ್ಬ ಗಿರಾಕಿಯ ಅಂಗಿಯನ್ನು ಇಳಿಸಿ, ಮೇಜಿನ ಮೇಲೆ ಹರಡಿ, ಟೇಪು ಹಿಡಿದಳು. ಶಮೀರಾ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

“ಮಾಮ, ಇದರ ಚೀಟಿಯಲ್ಲೂ ನಲವತ್ತೇ ಉಂಟು. ಟೇಪಿನಲ್ಲಿ ನಲವತ್ನಾಲ್ಕು. ಹೊಲಿಗೆಯ ಒಳಗೆ ಇನ್ನೂ ಮಡಚಿದ್ದೀರಿ. ನಮಗೆ ಹೇಳ್ಲೇ ಇಲ್ಲ,” ಎಂದಳು ಫರಾ.

“ಅದನ್ನೆಲ್ಲ ಹೇಳುವುದುಂಟಾ? ಸಡಿಲಿಗೆ ಬಿಡುವುದು, ಹೊಲಿಗೆಗೆ ಬಿಡುವುದು ಕೈಗೆ ಗೊತ್ತುಂಟು.”

“ಕಂಪ್ಯೂಟರಿಗೆ ಕೈ ಇಲ್ಲ ಮಾಮ. ಎಷ್ಟು ಬಿಡ್ತೀರಿ?”

ಮೂವತ್ತು ವರ್ಷದ ಕಸುಬಿನಲ್ಲಿ ಅವರನ್ನು ಯಾರೂ ಹೀಗೆ ಕೇಳಿರಲಿಲ್ಲ. ಸೀಮೆಸುಣ್ಣ ಹಿಡಿದು, ಕಣ್ಣು ಮುಚ್ಚಿ, ಗಾಳಿಯಲ್ಲೇ ಒಂದು ಅಂಗಿಯ ಬೆನ್ನು ಬರೆದರು. ಕೈ ನಿಂತಲ್ಲಿ ಮಾತು ಶುರುವಾಯಿತು.

“ಇಲ್ಲಿ ಎರಡು ಬೆರಳು... ತಡಿ, ಎಲ್ಲರಿಗೂ ಅಲ್ಲ. ಉಂಡು ಬಂದು ಅಳತೆ ಕೊಟ್ಟವನಿಗೆ ಎರಡು. ಹಸಿದು ಬಂದವನಿಗೆ ಮೂರು.”

“ಉಂಡಿದ್ದರೆ ಎರಡು, ಇಲ್ಲದಿದ್ದರೆ ಮೂರು.” ಫರಾ ಆಗಲೇ ಕೀಲಿ ಒತ್ತುತ್ತಿದ್ದಳು. “ಇದು ಸುಲಭ ಮಾಮ. ಹೀಗಿದ್ದರೆ ಹೀಗೆ ಅಂತ ಬರೆಯುವುದನ್ನು ಶಮೀರಾ ಆಪಾ ಹೋದ ತಿಂಗಳೇ ಕಲಿಸಿದ್ದಾರೆ.”

“ನಾನು ಹೋಟೆಲಿನವ. ನಾನು ಹಸಿದು ಬರುವುದುಂಟಾ?” ಎಂದ ಝಿಯಾದ್.

“ನಿನಗೆ ಬೇರೆಯೇ ಸಾಲು ಬೇಕು. ಅದನ್ನೂ ಬರೆ ಮೋಳೆ.”

“ಬರೆಯುವುದು ಆಮೇಲೆ! ಮೊದಲು ನನ್ನನ್ನು ಇದರಿಂದ ಬಿಡಿಸಿ!”

ಶಮೀರಾ ಆ ದಿನ ಲ್ಯಾಪ್‌ಟಾಪನ್ನು ಮುಟ್ಟಲಿಲ್ಲ. ಮೊಹಿದ್ದೀನರು ಹೇಳಿದರು, ಮಕ್ಕಳು ಕೇಳಿದರು, ಫರಾ ಬರೆದಳು. ಭುಜದ ಲೆಕ್ಕಕ್ಕೆ ಬರುವಷ್ಟರಲ್ಲಿ ಅಸರ್ ಬಾಂಗು ಕೇಳಿಸಿತು. ನಿದ್ದೆಯ ನೆನಪು ಯಾರಿಗೂ ಇರಲಿಲ್ಲ.

ಶಟರು ಎತ್ತುತ್ತಾ ಮೊಹಿದ್ದೀನರು ಬೆನ್ನು ತಿರುಗಿಸಿಯೇ ಹೇಳಿದರು: “ಬರುವ ವಾರ ತೋಳು. ಜುಮಾ ಮುಗಿದ ಕೂಡಲೇ ಬನ್ನಿ. ತಡಮಾಡಿದರೆ ನಾನು ಮಲಗಿಬಿಡ್ತೇನೆ.”

ಅರ್ಕಮ್ ಸುತ್ತಿಟ್ಟಿದ್ದ ವಯರನ್ನು ಬಿಚ್ಚಿದ. ನೀಲಿ ಅಂಗಿ ಕೊನೆಗೆ ಅವನ ಪಾಲಿಗೇ ಬಂತು. ಮೊಣಕಾಲು ದಾಟುತ್ತಿತ್ತಂತೆ; ಎದೆಯಲ್ಲಂತೂ ಇನ್ನೊಬ್ಬ ಅರ್ಕಮ್ ಹಿಡಿಸುವಷ್ಟು ಸಡಿಲ.