ಬಲಗಡೆ ಬಿದ್ದ ಹೂವು

ನಮ್ಮ ಯಜಮಾನರು ಎರಡು ಸಲ ಎಂಎಲ್‌ಎ ಆಗಿದ್ದವರು, ಒಂದು ಸಲ ಸೋತವರು, ಆಮೇಲೆ ನಾಲ್ಕು ವರ್ಷ ಒಂದು ಪುಟ್ಟ ದ್ವೀಪ ದೇಶದಲ್ಲಿ ಭಾರತದ ರಾಯಭಾರಿಯಾಗಿದ್ದವರು. ಹೆಸರು ಬೋರಲಿಂಗಯ್ಯ. ಆ ದೇಶದವರ ನಾಲಿಗೆಗೆ ಈ ಹೆಸರು ಹೊರಳದೆ ‘ಹಿಸ್ ಎಕ್ಸಲೆನ್ಸಿ ಬೋರಾ’ ಎನ್ನುತ್ತಿದ್ದರು. ನಮ್ಮೂರು ಅಕ್ಕೂರಿನಲ್ಲಿ ಮಾತ್ರ ಇವತ್ತಿಗೂ ಬೋರಣ್ಣ. ಎಕ್ಸಲೆನ್ಸಿ ಎಲ್ಲ ವಿಮಾನದಿಂದ ಇಳಿಯುವಾಗಲೇ ಇಳಿದುಹೋಯಿತು.

ಅವರ ದೊಡ್ಡಸ್ತಿಕೆ ಹೇಳುವುದಕ್ಕೆ ನಾನು ಕೂತಿಲ್ಲ. ಅದಕ್ಕೆ ಸದಾ ಇವರ ಹಿಂದೆಯೇ ತಿರುಗುವ ನಮ್ಮ ಅಶ್ವಥ್ ಒಬ್ಬನೇ ಸಾಕು, ಮೈಕು ಕೂಡ ಬೇಡ. ಹೋದ ವರ್ಷ ಅವರೆಕಾಯಿ ಬರುವ ಹೊತ್ತಿಗೆ, ಒಂದು ಶುಕ್ರವಾರ, ನನ್ನ ಜೀವ ಬಾಯಿಗೆ ಬಂದು ಮತ್ತೆ ಕೆಳಗಿಳಿದ ಕಥೆ ಇದು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಇವರು ರೇಷ್ಮೆ ಹುಳು ಸಾಕುವ ಮನೆಯ ಹುಡುಗ, ಅಷ್ಟೆ. ಗ್ರಾಮ ಪಂಚಾಯ್ತಿಗೆ ನಿಂತರು, ಗೆದ್ದರು. ಆಮೇಲೆ ತಾಲ್ಲೂಕು, ಆಮೇಲೆ ವಿಧಾನಸೌಧ. ಅಲ್ಲಿಂದಾಚೆಗೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ, ಬಸ್ ಸ್ಟ್ಯಾಂಡ್ ಆಯಿತು. ವರ್ಗಾವಣೆ ಬೇಕಾದವರು, ಬೋರ್‌ವೆಲ್ ಬೇಕಾದವರು, ಠಾಣೆಯಲ್ಲಿ ಸಿಕ್ಕಿಬಿದ್ದ ಮಗನನ್ನು ಬಿಡಿಸಬೇಕಾದವರು. ಬಚ್ಚಲಿಗೆ ಹೋಗಬೇಕಾದರೂ ನಾನು ಯಾರಿಗಾದರೂ ‘ಒಸಿ ಜರುಗಿ’ ಅನ್ನಬೇಕು. ಮಗಳು ಭಾನುಪ್ರಿಯ ಸ್ಕೂಲಿನಲ್ಲಿ ಅಪ್ಪನ ಚಿತ್ರ ಬರೆಯಿರಿ ಎಂದಾಗ ಒಂದು ಜೀಪು ಬರೆದು ಬಂದಿದ್ದಳು. ಮೇಡಂ ನಕ್ಕರಂತೆ. ನನಗೆ ನಗು ಬರಲಿಲ್ಲ.

ಮೂರನೇ ಎಂಎಲ್‌ಎ ಚುನಾವಣೆಯಲ್ಲಿ, ವಿರೂಪಾಕ್ಷಿಪುರದಲ್ಲಿ ಪ್ರಚಾರ ಮಾಡುವಾಗ, ತೆರೆದ ಗಾಡಿಯ ಮೇಲೆ ನಿಂತು ಕೈಮುಗಿಯುತ್ತಿದ್ದವರು ಹಾಗೇ ಬಾಗಿದರು, ಮೇಲೇಳಲಿಲ್ಲ. ಆವತ್ತು ಜನರ ನಡುವೆ ನಾನೂ ಇದ್ದೆ. ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದರು. ‘ಇನ್ನೊಂದು ಎಲೆಕ್ಷನ್ ಈ ಹೃದಯ ತಡೆಯಲ್ಲ, ತಾಯಿ’ ಎಂದು ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು. ಅವರು ಸೋತ ಸುದ್ದಿ ನನಗೆ ಮುಟ್ಟಿದ್ದು ಐಸಿಯು ಬಾಗಿಲಲ್ಲಿ. ಅಶ್ವಥ್ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದ. ನಾನು ಮನಸ್ಸಿನಲ್ಲೇ ತುಪ್ಪದ ದೀಪ ಹಚ್ಚಿದೆ.

ಆಮೇಲೆ ದೆಹಲಿಯಲ್ಲಿದ್ದ ಪಕ್ಷದ ಹಿರಿಯರೊಬ್ಬರು ಇವರನ್ನು ನೆನೆಸಿಕೊಂಡರು, ರಾಯಭಾರಿ ಮಾಡಿದರು. ಸೋತವರಿಗೆ ಸಮಾಧಾನಕರ ಬಹುಮಾನ ಎಂದು ಪೇಪರಿನವರು ಬರೆದರು. ಬರೆದುಕೊಳ್ಳಲಿ, ಬಹುಮಾನ ಬಂದದ್ದು ನನಗೆ. ಆ ದ್ವೀಪದಲ್ಲಿ ಸಂಜೆಯಾದ ಮೇಲೆ ಯಾರೂ ಬಾಗಿಲು ಬಡಿಯುತ್ತಿರಲಿಲ್ಲ. ಇವರು ನನ್ನ ಎದುರು ಕೂತು ಊಟ ಮಾಡಿ, ‘ಸಾರಿಗೆ ಉಪ್ಪು ಒಸಿ ಜಾಸ್ತಿ ಆಯ್ತು’ ಎಂದ ದಿನ ನನಗೆ ಕೋಪ ಬರುವ ಬದಲು ಖುಷಿಯಾಯಿತು. ಅಷ್ಟು ವರ್ಷ ಇವರು ಏನು ತಿನ್ನುತ್ತಿದ್ದೇನೆ ಎಂದು ಗಮನಿಸಿದ್ದೇ ಇಲ್ಲ. ನಾವಿಬ್ಬರೂ ಗಂಡ ಹೆಂಡತಿಯಾಗಿ ಬಾಳಿದ್ದು ಆ ನಾಲ್ಕು ವರ್ಷ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಕೆಲಸದಲ್ಲೇನೂ ಇವರು ಕಡಿಮೆ ಇರಲಿಲ್ಲ. ಒಂದು ಸಲ ನಮ್ಮ ದೇಶದ ಮೀನುಗಾರರ ದೋಣಿ ಗಾಳಿಗೆ ಸಿಕ್ಕಿ ಅಲ್ಲಿಗೆ ಹೋಗಿಬಿಟ್ಟಿತು, ಹಿಡಿದು ಒಳಗೆ ಹಾಕಿದರು. ಕಚೇರಿಯ ಓದಿದ ಹುಡುಗರು ಪತ್ರದ ಮೇಲೆ ಪತ್ರ ಬರೆದರು. ಇವರು ಪತ್ರ ಬರೆಯಲಿಲ್ಲ. ಅಲ್ಲಿನ ಮಂತ್ರಿಯ ಆಫೀಸಿಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕೂತರು. ಮಾರನೇ ದಿನವೂ ಹೋಗಿ ಕೂತರು. ‘ಜಗ್ಲಿ ಮ್ಯಾಲೆ ನೆಂಟ ಕೂತಿದ್ರೆ ಒಳಗಿರೋನ್ಗೆ ಅನ್ನ ಇಳಿಯಲ್ಲ ಕಣಮ್ಮಿ’ ಎಂದು ನನಗೆ ಹೇಳಿದರು. ಮಂತ್ರಿಗೆ ನಾಚಿಕೆಯಾಗಿ ಒಳಗೆ ಕರೆದ. ಆದರೆ ಇವರು ಬಿಡಿ ಎಂದು ಬೇಡಲಿಲ್ಲ, ನೀವು ಮಾಡಿದ್ದು ತಪ್ಪು ಎಂದು ಜಗಳಕ್ಕೂ ಹೋಗಲಿಲ್ಲ. ನಿಮ್ಮ ಸ್ವಾತಂತ್ರ್ಯ ದಿನ ಹತ್ತಿರ ಬಂತಲ್ಲ, ಆವತ್ತು ನೀವಾಗಿ ನೀವೇ ದಯೆ ತೋರಿದ ಹಾಗೆ ಬಿಟ್ಟರೆ ನಿಮಗೆ ಎಷ್ಟು ಹೆಸರು ಎಂದರು. ಮೀನುಗಾರರು ಬಿಡುಗಡೆಯಾದರು, ಹೆಸರು ಮಂತ್ರಿಗೆ ಹೋಯಿತು. ಎದುರಿಗಿರುವವನು ಹೆಗಲ ಮೇಲಿನ ಟವಲು ಬೀಳಿಸಿಕೊಳ್ಳದೆ ಮನೆಗೆ ಹೋಗಬೇಕು, ರಾಜತಂತ್ರ ಅಂದರೆ ಅಷ್ಟೇ ಎನ್ನುವುದು ಇವರ ಲೆಕ್ಕ.

ಹೀಗೆ ನೆಮ್ಮದಿಯಾಗಿ ಊರಿಗೆ ಬಂದು, ಹಿಪ್ಪುನೇರಳೆ ತೋಟದ ಕಡೆ ಓಡಾಡಿಕೊಂಡು ಇದ್ದೆವು. ಅಷ್ಟರಲ್ಲಿ ಅಶ್ವಥ್ ಬಂದ. ಪ್ರಚಾರದಲ್ಲಿ ಅವನ ಜೊತೆಗಿರುತ್ತಿದ್ದ ಲೋಕೇಶನೂ ಬಂದ, ಹಿಂದೆ ಒಂದು ಟೆಂಪೊ ತುಂಬ ಜನ ಬಂದರು. ಅಶ್ವಥ್ ನಮ್ಮ ಮನೆಯಲ್ಲೇ ಉಂಡು ಬೆಳೆದ ಹುಡುಗ. ಈಗ ಅವನಿಗೂ ತಲೆ ನರೆತಿದೆ, ಆದರೆ ನಮ್ಮ ಯಜಮಾನರ ಮುಂದೆ ನಿಂತರೆ ಹುಡುಗನೇ.

‘ಅಣ್ಣ, ಈ ಸಲ ಟಿಕೆಟ್ಟು ನಿಮ್ಗೇಯ. ಮ್ಯಾಲೆಲ್ಲ ಮಾತಾಗೋಗೈತೆ. ನೀವು ಹೂಂ ಅಂದ್ಬುಟ್ರೆ ಮುಗೀತು’ ಎಂದ.

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತೆ. ಇವರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ‘ಅಮ್ಮನ್ನ ಕೇಳ್ದೆ ನಾನು ಯಾವತ್ತು ನಿಂತಿದೀನ್ಲಾ? ಶುಕ್ರವಾರ ಹೂ ಕೇಳವ’ ಎಂದರು. ಅಷ್ಟಕ್ಕೇ ಜನ ಜೈಕಾರ ಹಾಕಿದರು.

ಜೈಕಾರ ಯಾಕೆ ಎಂದು ಹೇಳಬೇಕು. ನಮ್ಮೂರ ಮಾರಮ್ಮನ ಹತ್ತಿರ ಹೂ ಕೇಳುವ ಪದ್ಧತಿ ಇದೆ. ಪೂಜಾರಿ ಅಮ್ಮನ ಎರಡೂ ಭುಜಕ್ಕೆ ಹೂವು ಅಂಟಿಸುತ್ತಾರೆ. ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆ ಹೂವು ಬಿದ್ದರೆ ಆಗಲಿ ಎಂದು, ಎಡಗಡೆ ಬಿದ್ದರೆ ಬೇಡ ಎಂದು. ನಮ್ಮ ಯಜಮಾನರಿಗೆ ಮೂರು ಚುನಾವಣೆಯಲ್ಲೂ ಬಲಗಡೆಯೇ ಕೊಟ್ಟಿದ್ದಳು. ಮೂರನೆಯದರಲ್ಲಿ ಸೋತರಲ್ಲ ಎಂದು ನಾನು ಕೇಳಿದರೆ, ಅಶ್ವಥ್, ‘ಅಮ್ಮ ನಿಂತ್ಕೊ ಅಂದಿದ್ಲು ಅಕ್ಕ, ಗೆಲ್ತೀಯ ಅಂತ ಎಲ್ಲಿ ಅಂದಿದ್ಲು?’ ಎಂದಿದ್ದ. ಒಟ್ಟಿನಲ್ಲಿ ನಮ್ಮ ಯಜಮಾನರ ಮಟ್ಟಿಗೆ ಆ ತಾಯಿಗೆ ಎಡಭುಜವೇ ಇರಲಿಲ್ಲ.

ಜನ ಹೋದ ಮೇಲೆ ಹಿಡಿದುಕೊಂಡೆ. ‘ಡಾಕ್ಟ್ರು ಹೇಳಿದ್ದು ಮರ್ತೋಯ್ತಾ? ನಿಮ್ಗೆ ಜೀವ ಬ್ಯಾಡ್ವಾ, ನಾನು ಬ್ಯಾಡ್ವಾ?’

‘ಆ ಹುಡುಗ್ರ ಮೊಕ ನೋಡ್ಕಂಡು ಆಗಲ್ಲ ಅನ್ನಕಾಯ್ತದೇನಮ್ಮಿ? ನಂಗೋಸ್ಕರ ಹೊಲ ಮನೆ ಬುಟ್ಟು ತಿರುಗ್ದೋರು’ ಎಂದರು.

‘ಹಂಗಾರೆ ನಿಂತ್ಕಳಿ. ಗಾಡಿ ಮೇಲಿಂದ ಇಳಿಸ್ಕೊಳಕ್ಕೆ ಅವ್ರನ್ನೇ ಕರ್ಕೊಳಿ’ ಎಂದು ಒಳಗೆ ಹೋದೆ. ಶುಕ್ರವಾರದವರೆಗೂ ಅವರ ಹತ್ತಿರ ಮಾತಾಡಲಿಲ್ಲ. ಊಟ ಬಡಿಸಿ ಎದ್ದುಹೋಗುತ್ತಿದ್ದೆ. ಭಾನುಪ್ರಿಯ ಮೈಸೂರಿನಿಂದ ಫೋನ್ ಮಾಡಿ, ‘ಅಪ್ಪನಿಗೆ ನೀನಾದರೂ ಹೇಳಮ್ಮ’ ಎಂದಳು. ನಾನು ಹೇಳಿ ಹೇಳಿ ಬಾಯಿ ಸೋತಿದ್ದು ಅವಳಿಗೇನು ಗೊತ್ತು.

ಶುಕ್ರವಾರ ಬೆಳಿಗ್ಗೆ ಗುಡಿಗೆ ಬರುವುದಿಲ್ಲ ಎಂದೆ. ‘ಬಾಮ್ಮಿ, ನೀನಿಲ್ದಿದ್ರೆ ಹೆಂಗೆ’ ಎಂದು ಇವರು ಬಾಗಿಲಲ್ಲೇ ನಿಂತುಬಿಟ್ಟರು, ಆ ಮಂತ್ರಿಯ ಆಫೀಸಿನ ಮುಂದೆ ಕೂತ ಹಾಗೆ. ಕೊನೆಗೆ ಬೈದುಕೊಂಡೇ ಸೆರಗು ಹೊದ್ದು ಹೊರಟೆ.

ಗುಡಿಯ ಮುಂದೆ ಪಕ್ಕದ ಬೈರಾಪಟ್ಟಣದವರೂ ಸೇರಿದ್ದರು. ಲೋಕೇಶ ಪಟಾಕಿ ಸರ ಬಿಚ್ಚಿ ಹಾಸಿದ್ದ. ಪೂಜಾರಿ ಮುನಿಶಾಮಯ್ಯನವರು ಅಮ್ಮನಿಗೆ ಮಜ್ಜನ ಮಾಡಿಸಿ, ಒದ್ದೆ ಭುಜದ ಮೇಲೆ ಕಣಗಿಲೆ ಹೂವು ಅಂಟಿಸಿದರು. ಇವರು ಶರಟು ಬಿಚ್ಚಿ ಟವಲು ಸೊಂಟಕ್ಕೆ ಕಟ್ಟಿ ಕಣ್ಣುಮುಚ್ಚಿ ನಿಂತರು. ‘ಕೊಡವ್ವ ತಾಯಿ, ಮನ್ಸಲ್ಲಿ ಇರದ್ಕೆ ಸರ್ಯಾಗಿ ಹೇಳವ್ವ’ ಎಂದು ಮುನಿಶಾಮಯ್ಯ ಗಂಟೆ ಬಾರಿಸತೊಡಗಿದರು.

ನಾನು ಕಣ್ಣು ಮುಚ್ಚಲಿಲ್ಲ. ಆ ಎಡಭುಜದ ಹೂವನ್ನೇ ನುಂಗುವ ಹಾಗೆ ನೋಡಿದೆ. ಎಡಕ್ಕೆ ಕೊಡು ತಾಯಿ, ಎಡಕ್ಕೆ ಕೊಡು, ನಿನಗೆ ಸೀರೆ ಉಡಿಸುತ್ತೇನೆ, ಬೇಕಾದರೆ ನನ್ನ ಆಯಸ್ಸು ತೆಗೆದುಕೋ, ಎಡಕ್ಕೆ ಕೊಡು. ಗಂಟೆ ಹೊಡೆಯುತ್ತಲೇ ಇತ್ತು. ಎಡಗಡೆಯ ಒಂದು ಎಸಳು ಅಲುಗಿತು.

ಬಲಗಡೆಯ ಹೂವು ಪಟ್ಟನೆ ಬಿತ್ತು.

ಗುಡಿ ಹಾರಿಹೋಗುವ ಹಾಗೆ ಕೂಗಿದರು. ಲೋಕೇಶ ಸರಕ್ಕೆ ಬೆಂಕಿ ಇಟ್ಟ. ನಾನು ಕಂಬ ಹಿಡಿದುಕೊಂಡೆ. ನನಗೆ ಬಂದ ಸಿಟ್ಟು ಹೇಳತೀರದು. ‘ನೀನೂ ಒಂದು ಹೆಣ್ಣಾ? ನನ್ನ ಕುಂಕುಮಕ್ಕೆ ಕೈ ಹಾಕ್ತೀಯಲ್ಲ’ ಎಂದು ಅಮ್ಮನ ಮುಖ ನೋಡಿಯೇ ಮನಸ್ಸಿನಲ್ಲಿ ಬೈದೆ. ಆಸ್ಪತ್ರೆಯ ಆ ಬಾಗಿಲು ಕಣ್ಣಮುಂದೆ ಬಂತು.

ಹುಡುಗರು ಇವರನ್ನು ಹೆಗಲ ಮೇಲೆ ಎತ್ತಿಕೊಳ್ಳಲು ನುಗ್ಗಿದರು. ಮುನಿಶಾಮಯ್ಯ ಗಂಟೆಯನ್ನು ನೆಲಕ್ಕೆ ಕುಕ್ಕಿ, ‘ನಿಲ್ರಲಾ!’ ಎಂದು ಗದರಿದರು. ‘ಹೂ ಕೈಯಾಗೆ ಹಿಡ್ಕಂಡು, ಏನು ಕೇಳ್ದೆ ಅಂತ ಬಾಯ್ಬುಟ್ಟು ಹೇಳ್ಬೇಕು. ಆಗ್ಲೇ ಅದು ಪರ್ಸಾದ. ಹೋದ ಸಲ ಅದ ಮಾಡ್ದೆ ಎತ್ಕಂಡು ಓಡೋದ್ರಿ, ಏನಾಯ್ತು?’

ಸೋತ ನೆನಪಿಗೆ ಅಶ್ವಥ್ ಬೆಚ್ಚಿಬಿದ್ದ. ‘ಏ, ಎಲ್ರೂ ಬಾಯ್ಮುಚ್ಕಳ್ರೋ! ಅಣ್ಣ ಹೇಳ್ಬುಡ್ಲಿ’ ಎಂದು ತಾನೇ ಎಲ್ಲರನ್ನೂ ಹಿಂದಕ್ಕೆ ತಳ್ಳಿದ. ಪಟಾಕಿ ಮುಗಿಯುವವರೆಗೂ ಕಾದರು. ಮುನಿಶಾಮಯ್ಯ ಆ ಕೆಂಪು ಹೂವನ್ನು ಇವರ ಅಂಗೈಯಲ್ಲಿ ಇಟ್ಟರು. ಹೂ ಹಿಡಿದ ಕೈಯಲ್ಲಿ ನಮ್ಮೂರಿನಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಕಳ್ಳನೂ ಹೇಳುವುದಿಲ್ಲ.

ಇವರು ಗಂಟಲು ಸರಿಮಾಡಿಕೊಂಡರು. ‘ನಾನು ಕೇಳಿದ್ದು ಇಷ್ಟೇಯ. ತಾಯಿ, ಓಡಾಡಿದ್ದು ಸಾಕಾಯ್ತು. ಇನ್ಮುಂದಕೆ ಎಲೆಕ್ಷನ್ನು ಬುಟ್ಟು ಮನೇಲಿರ್ತೀನಿ. ನಿಂಗೆ ಒಪ್ಗೆ ಇದ್ರೆ ಬಲಗಡೆ ಕೊಡು, ಅಂದೆ. ಕೊಟ್ಲು.’

ಅಶ್ವಥ್ ಜನರನ್ನು ಸರಿಸಿಕೊಂಡು ಮುಂದೆ ಬಂದ. ‘ಅಣ್ಣಾ, ಇದೇನಣ್ಣಾ ಹಿಂಗ್ಮಾಡ್ಬುಟ್ಟೆ!’

‘ನಾನೇನ್ಲಾ ಮಾಡ್ದೆ? ಕೊಟ್ಟೋಳು ಅಮ್ಮ’ ಎಂದರು ಇವರು. ಮುನಿಶಾಮಯ್ಯ, ‘ಆಯ್ತು, ಅಮ್ಮನ ಮಾತಾದ್ಮೇಲೆ ಇನ್ಯಾರ ಮಾತೂ ಇಲ್ಲ’ ಎಂದು ಕಾಯಿ ಒಡೆದರು. ಯಾರಿಗೂ ಸಿಟ್ಟು ಮಾಡಿಕೊಳ್ಳುವುದಕ್ಕೆ ಜಾಗವೇ ಇರಲಿಲ್ಲ. ಬೋರಣ್ಣ ಕೈಬಿಟ್ಟ ಎನ್ನುವ ಹಾಗಿಲ್ಲ, ಅಮ್ಮನ ಮೇಲೆ ಮುನಿಯುವ ಹಾಗಿಲ್ಲ. ಇವರು ಸೊಂಟದ ಟವಲು ಬಿಚ್ಚಿ ಅಶ್ವಥನ ಹೆಗಲಿಗೆ ಹಾಕಿದರು. ‘ಎಷ್ಟು ದಿನ ಅಂತ ನನ್ನ ಹಿಂದೆ ನಿಂತ್ಕತೀಯ? ಮುಂದ್ಕೆ ಬಾ. ನಿನ್ನ ಹೆಸ್ರಲ್ಲೇ ಒಂದು ಹೂ ಕೇಳು’ ಎಂದರು. ಅಶ್ವಥನ ಮುಖ ಕೆಂಪಗಾಯಿತು. ಬೇಡ ಬೇಡ ಎನ್ನುತ್ತಲೇ ಶರಟಿನ ಗುಂಡಿಗೆ ಕೈ ಹಾಕಿದ.

ನಾನು ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎದೆಯ ಮೇಲೆ ಇಟ್ಟಿದ್ದ ಕಲ್ಲನ್ನು ಯಾರೋ ಎತ್ತಿ ಆಚೆಗೆ ಇಟ್ಟ ಹಾಗಾಯಿತು. ಆಮೇಲೆ ನೆನಪಾಯಿತು, ನಾನು ಎಡಕ್ಕೆ ಕೊಡು ಎಂದು ಹಟ ಹಿಡಿದಿದ್ದೆ. ನನ್ನ ಮಾತು ಕೇಳಿದ್ದರೆ ಇವರು ಮತ್ತೆ ಗಾಡಿ ಹತ್ತುತ್ತಿದ್ದರು. ಎದ್ದುಹೋಗಿ ಅಮ್ಮನಿಗೆ ಅಡ್ಡಬಿದ್ದು, ಬೈದದ್ದನ್ನು ಹೊಟ್ಟೆಗೆ ಹಾಕಿಕೋ ಎಂದೆ. ಸೀರೆಯೂ ಉಡಿಸುತ್ತೇನೆ ಎಂದೆ.

ಮನೆಗೆ ಬಂದು ಅವರೆಕಾಳು ಉಪ್ಪಿಟ್ಟು ಮಾಡಿದೆ. ಇವರು ಬೆಳಿಗ್ಗೆಯಿಂದ ಉಪವಾಸ, ಗಬಗಬ ತಿನ್ನುತ್ತಿದ್ದರು. ನನಗೆ ಒಂದು ಮಾತು ಒಳಗೇ ಕೊರೆಯುತ್ತಿತ್ತು, ಕೇಳಿಯೇಬಿಟ್ಟೆ.

‘ಹೂವು ಎಡಕ್ಕೆ ಬಿದ್ದಿದ್ರೆ?’

‘ಅಮ್ಮನ ಮಾತು ಮೀರ್ಬೇಕಾಗಿತ್ತು. ಕಾಲಿಗೆ ಬಿದ್ದು ತಪ್ಪು ಕಾಣ್ಕೆ ಕಟ್ತಿದ್ದೆ’ ಎಂದರು, ತಟ್ಟೆಯಿಂದ ತಲೆ ಎತ್ತದೆ. ಇನ್ನೊಂದು ತುತ್ತು ತಿಂದು ಮತ್ತೆ ಹೇಳಿದರು. ‘ವಿರೂಪಾಕ್ಷಿಪುರದಾಗೆ ನಾನು ಬಿದ್ನಲ್ಲ, ಅವತ್ತು ಜನ ಚಪ್ಪಾಳೆ ತಟ್ಟಿದ್ರು ಕಣಮ್ಮಿ. ಬಗ್ಗಿ ನಮಸ್ಕಾರ ಮಾಡ್ತಾವ್ನೆ ಅಂದ್ಕಂಡ್ರು. ನಂಗೆ ಎಲ್ಲಾ ಕೇಳುಸ್ತಿತ್ತು. ಅಷ್ಟು ಜನದೊಳ್ಗೆ ಅಯ್ಯೋ ಅಂದೋಳು ನೀನೊಬ್ಳೇಯ.’

ಅವರಿಗೆ ಅದು ಕೇಳಿಸಿತ್ತು ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ನಾನು ಅತ್ತೆ, ಮುಚ್ಚಿಟ್ಟುಕೊಳ್ಳುವುದೇನು, ಚೆನ್ನಾಗಿಯೇ ಅತ್ತೆ. ಆಮೇಲೆ ಎದ್ದು ಹೋಗಿ ಹಾಡಹಗಲಲ್ಲೇ ಮುಂಬಾಗಿಲಿನ ಚಿಲಕ ಹಾಕಿ ಬಂದು, ನನ್ನ ತಟ್ಟೆಗೂ ಉಪ್ಪಿಟ್ಟು ಹಾಕಿಕೊಂಡೆ.