ಹಳದಿ ಪಟ್ಟೆಯ ಹಿಡಿ

ಸೊಂಟದ ಮೂಳೆ ಮುರಿದುಕೊಂಡು ನಾಲ್ಕು ತಿಂಗಳಿಂದ ಮಹಡಿಯ ಕೋಣೆಯಲ್ಲೇ ಇದ್ದ ಅಮ್ಮ ಇವತ್ತು ಮೊದಲ ಸಲ ಮೆಟ್ಟಿಲಿಳಿಯುತ್ತಿದ್ದಳು. ಹನ್ನೊಂದು ಮೆಟ್ಟಿಲು. ಕೈಯಲ್ಲಿ ಮಗಳು ಮಾಡಿಕೊಟ್ಟ ಹೊಸ ಊರುಗೋಲು.

ಮಗಳದು ರೆಸಿನ್ ಎರಕದ ಕೆಲಸ. ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುವ ಆ ದ್ರವವನ್ನು ಅಚ್ಚಿಗೆ ಹೊಯ್ದು, ಗಟ್ಟಿಯಾದ ತುಂಡನ್ನು ತಿರುಗುವ ಲೇತಿಗೆ ಕಟ್ಟಿ, ಪೆನ್ನು, ಹಿಡಿ ಅಂತ ಕಡೆಯುವವಳು. ಕೆಳಗಿನ ಕೋಣೆಯಲ್ಲಿ ಯಂತ್ರ ನಿಂತರೆ ತಾನೇ ಮಹಡಿ ಹತ್ತಲು ಪುರುಸೊತ್ತು!

"ಒಂದು ಕೋಲು ಮಾಡ್ಕೊಡೆ. ಎದ್ದಿದ್ದಕ್ಕೆ, ಕೂತಿದ್ದಕ್ಕೆ ನಿನ್ನ ಕರೆಯೋದು ತಪ್ಪುತ್ತೆ. ಕಪ್ಪು ಹಿಡಿಗೆ ಹಳದಿ ಪಟ್ಟೆ ಇರ್ಲಿ, ನನ್ನ ಮಬ್ಬುಗಣ್ಣಿಗೂ ಕಾಣ್ಲಿ" ಎಂದಿದ್ದಳು ಅಮ್ಮ.

ಪಟ್ಟೆಯೆಂದರೆ ಬಣ್ಣ ಬಳಿಯುವುದಲ್ಲ. ಕಪ್ಪು ಇನ್ನೂ ಅಂಟಂಟಾಗಿರುವಾಗಲೇ ಹಳದಿ ಹೊಯ್ಯಬೇಕು, ಅದರ ಮೇಲೆ ಮತ್ತೆ ಕಪ್ಪು. ಅವತ್ತು ಗಿರಾಕಿಯೊಬ್ಬ ಫೋನಿನಲ್ಲಿ ತಲೆ ತಿಂದು ಮುಗಿಸುವಷ್ಟರಲ್ಲಿ ಕಪ್ಪು ಪೂರ್ತಿ ಗಟ್ಟಿಯಾಗಿಬಿಟ್ಟಿತ್ತು. ಅದಕ್ಕೂ ಉಪಾಯವಿದೆ. ಹಳದಿ ಕಚ್ಚಿಕೊಳ್ಳಲೆಂದು ಉಜ್ಜುಕಾಗದದಿಂದ ಉಜ್ಜಿ ತರಿತರಿ ಮಾಡಿದಳು, ಜೇಬಿನ ಬಟ್ಟೆಯಿಂದ ಪುಡಿ ಒರೆಸಿದಳು, ಹಳದಿ ಹೊಯ್ದಳು.

ಈಗ ಕೆಳಗೆ ನಿಂತು ನೋಡುತ್ತಿದ್ದವಳು ಬೆವರು ಒರೆಸಲು ಅದೇ ಜೇಬಿಗೆ ಕೈ ಹಾಕಿದಳು. ಬಟ್ಟೆ ಬೆರಳಿಗೆ ನುಣ್ಣಗೆ ಜಾರಿತು. ರೆಸಿನ್ ಅಚ್ಚಿಗೆ ಅಂಟದಿರಲೆಂದು ಮೇಣ ಸವರುವ ಬಟ್ಟೆ ಅದು! ಯಾವುದು ಅಂಟಬೇಕಿತ್ತೋ ಅದಕ್ಕೇ ಮೇಣ ಬಳಿದಿದ್ದಳು. ಲೇತಿನಲ್ಲಿ ಕಡೆಯುವಾಗ ಪಟ್ಟೆ ಕಳಚಿಕೊಳ್ಳದೆ ಉಳಿದದ್ದೇ ಹೆಚ್ಚು. ಮೈಭಾರ ಬಿದ್ದರೆ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಮ್ಮ ಮೇಲಿನಿಂದ ಮೂರನೆಯ ಮೆಟ್ಟಿಲಿನಲ್ಲಿದ್ದಳು. ಕೂಗಿದರೆ ಬೆಚ್ಚಿಬೀಳುತ್ತಾಳೆ. ಮಗಳು ಜೀವ ಕೈಯಲ್ಲಿ ಹಿಡಿದು, ಏನೂ ಆಗಿಲ್ಲದವಳಂತೆ ಮೆಟ್ಟಿಲು ಹತ್ತಿದಳು.

"ಅಮ್ಮಾ, ಅಲ್ಲೇ ನಿಲ್ಲು. ನನ್ನ ಹೆಗಲು ಹಿಡ್ಕೋ."

"ಕೋಲಿದೆಯಲ್ಲೇ" ಎಂದು ಅಮ್ಮ ಹಿಡಿಯ ಮೇಲೆ ಇನ್ನಷ್ಟು ಭಾರ ಹಾಕಿದಳು.

ಹದಿನೈದು ವರ್ಷ ಪಳಗಿದ ಕೈ ತನ್ನದು ಎಂಬ ಮಗಳ ಜಂಬ ಮಾತಿಗೆ ಅಡ್ಡ ಬಂತು. ಅದನ್ನು ಬದಿಗಿಟ್ಟಳು.

"ತಪ್ಪು ಮಾಡಿದೀನಮ್ಮ. ಆ ಹಿಡಿ ನಂಬಬೇಡ. ಮುರಿಯುತ್ತೆ."

ಅಮ್ಮ ಅವಳ ಮುಖವನ್ನೇ ನೋಡಿದಳು. ಕೋಲು ಅವಳ ಕೈಗೆ ಕೊಟ್ಟು, ಹೆಗಲು ಹಿಡಿದಳು. ಉಳಿದ ಮೆಟ್ಟಿಲುಗಳನ್ನು ಇಬ್ಬರೂ ಒಂದೊಂದಾಗಿ ಇಳಿದರು.

ಕೆಳಗೆ ಬಂದದ್ದೇ ಮಗಳು ಹಿಡಿಯನ್ನು ಮೆಟ್ಟಿಲಂಚಿಗೆ ಕುಟ್ಟಿದಳು. ಒಂದೇ ಏಟು. ಹಳದಿಯ ಅಂಚಿನಲ್ಲಿ ಕೊಯ್ದ ಹಾಗೆ ಎರಡು ತುಂಡಾಯಿತು. ಅವಳಿಗೆ ಅಳು ಬಂತು.

"ಮೂರು ದಿನ ಕೊಡಮ್ಮ. ಬೇರೆ ಮಾಡ್ತೀನಿ."

"ಅವಸರ ಏನಿಲ್ಲ ಕಣೆ" ಎಂದಳು ಅಮ್ಮ. "ನಿನ್ನ ಕರೆಯೋಕೆ ಸಂಕೋಚ ಆಗಿ ಕೋಲು ಕೇಳಿದ್ದು."

ಮಗಳ ಹೆಗಲ ಮೇಲಿನ ಕೈಯನ್ನು ಅವಳು ಇನ್ನೂ ತೆಗೆದಿರಲಿಲ್ಲ.